ಮಸ್ಕಿಯ ಬಂಡೆಯೂ ಮಂಗಳನ ಬಂಡೆಯೂ

ಸಿಂಧನೂರಿನಲ್ಲಿ ಬಸ್ಸು ಹತ್ತಿ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವವರು, ಕಿಟಕಿಯ ಪಕ್ಕದಲ್ಲಿ ಜಾಗ ಸಿಕ್ಕರೆ, ನಿದ್ದೆ ಮಾಡಬಾರದು. ಸಿಂಧನೂರಿನ ಸುತ್ತ ಕಣ್ಣು ಹಾಯುವಷ್ಟು ದೂರವೂ ಕಪ್ಪು ಎರೆಭೂಮಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅದರಲ್ಲಿ ಬಹಳಷ್ಟು ನೆಲ್ಲಿನ ಗದ್ದೆಯಾಗಿದೆ. ಮಸ್ಕಿ ಹತ್ತಿರ ಬರುತ್ತಿದ್ದಂತೆ ನೆಲದೊಳಗಿನಿಂದ ಬಂಡೆಗಳು ತಲೆಯೆತ್ತುತ್ತವೆ; ಯಾರೋ ಪುರಸೊತ್ತಾಗಿ ಒಂದರ ಮೇಲೊಂದು ಹೇರಿಟ್ಟಂತೆ ಗುಂಡುಗಳು ನಿಂತಿರುತ್ತವೆ. ಲಿಂಗಸುಗೂರನ್ನು ಮುಟ್ಟಿ ಅಲ್ಲಿಂದ ಹಟ್ಟಿಯ ಕಡೆಗೆ ಹೊರಳಿದರೆ ಕಲ್ಲಿನ ಬಣ್ಣವೇ ಬೇರೆ. ಕಪ್ಪಿನಲ್ಲಿ ಹಸುರು ಬೆರೆತ ಕಲ್ಲು, ನಡುನಡುವೆ ಬೆಣಚುಕಲ್ಲಿನ ಬಿಳಿಯ ಗೆರೆ. ಇಷ್ಟೇ ದಾರಿಯಲ್ಲಿ ಮೂರು ಬಗೆಯ ನೆಲ. ಈ ಮೂರನ್ನೂ ಕಣ್ಣಿಟ್ಟು ನೋಡಿದವರಿಗೆ ಸರಾಸರಿ 22 ಕೋಟಿ ಕಿಲೊಮೀಟರ್ ಆಚೆ ಇರುವ ಇನ್ನೊಂದು ನೆಲದ ಸಮಾಚಾರ ಅರ್ಧದಷ್ಟು ತಿಳಿದಂತೆಯೇ ಸರಿ. ಅದು ಮಂಗಳಗ್ರಹದ ನೆಲ.

ಕನ್ನಡ ಪಾಠ ಹೇಳುವವನಿಗೆ ಕಲ್ಲಿನ ಸಹವಾಸವೇಕೆ ಎಂದು ತಾವು ಕೇಳಬಹುದು. ಶಾಸನ ಓದುವುದನ್ನು ಕಲಿತವನಿಗೆ ಕಲ್ಲು ಹೊರಗಿನದಲ್ಲ. ಮೇಲಾಗಿ ಇಲ್ಲೊಂದು ಶಬ್ದದ ತಕರಾರೂ ಉಂಟು. ಭೂಮಿಯ ಕಲ್ಲುಮಣ್ಣನ್ನು ಕುರಿತ ವಿದ್ಯೆ ಭೂವಿಜ್ಞಾನ. ಮಂಗಳನ ಕಲ್ಲನ್ನು ಕುರಿತ ವಿದ್ಯೆಗೂ ಅದೇ ಹೆಸರು ಸಲ್ಲುವುದೆ? ಇಂಗ್ಲಿಷಿನವರಿಗೂ ಇದೇ ತೊಡಕು; ಅವರ ‘ಜಿಯಾಲಜಿ’ಯ ತಲೆಯ ಮೇಲೆ ಗ್ರೀಕರ ಭೂದೇವಿ ಕುಳಿತಿದ್ದಾಳೆ. ನಮ್ಮ ಹಿರಿಯರಾದರೋ ಮಂಗಳನನ್ನು ಕುಜನೆಂದರು, ಭೌಮನೆಂದರು. ‘ಕು’ ಎಂದರೆ ಭೂಮಿ. ಅವಳಲ್ಲಿ ಹುಟ್ಟಿದವನು ಕುಜ. ಮಗನ ವಿಚಾರವನ್ನು ತಾಯಿಯ ಹೆಸರಿನ ವಿದ್ಯೆಯಲ್ಲಿ ಸೇರಿಸಿಕೊಂಡರೆ ವ್ಯಾಕರಣಕ್ಕೇನೂ ಭಂಗವಿಲ್ಲ. ವಿಜ್ಞಾನಿಗಳ ಲೆಕ್ಕದಲ್ಲಿ ಇಬ್ಬರೂ ಒಡಹುಟ್ಟಿದವರು; ಸುಮಾರು 450 ಕೋಟಿ ವರ್ಷಗಳ ಹಿಂದೆ ಸೂರ್ಯನನ್ನು ಸುತ್ತುತ್ತಿದ್ದ ಒಂದೇ ಧೂಳಿನ ರಾಶಿಯಿಂದ ಮೂಡಿದವರು.

ಮೊದಲು ಮಸ್ಕಿಯಲ್ಲಿ ಇಳಿಯೋಣ.

1915ರ ಜನವರಿ 27ರಂದು ಬೀಡನ್ ಎಂಬ ಗಣಿ ಎಂಜಿನಿಯರರು ಇಲ್ಲಿಯ ಗುಡ್ಡದಲ್ಲಿ ತಿರುಗುತ್ತಿದ್ದರು. ಆಗ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿತ್ತು. ಅವರು ಹುಡುಕುತ್ತಿದ್ದುದು ಚಿನ್ನವನ್ನು. ಸಿಕ್ಕಿದ್ದು ಬಂಡೆಯ ಮೇಲಿನ ಅಕ್ಷರ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಶಾಸನತಜ್ಞರಾದ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಆಮೇಲೆ ಮಸ್ಕಿಯ ಹೆಸರು ಲೋಕದ ಇತಿಹಾಸ ಗ್ರಂಥಗಳಲ್ಲಿ ಸೇರಿತು.

ಏತಕ್ಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಬೀಗವನ್ನು ತೆಗೆದ ಮೇಲೆ ಉತ್ತರದ ಕಂಬಗಳ ಮೇಲೂ ಬಂಡೆಗಳ ಮೇಲೂ ಇದ್ದ ಧರ್ಮಾಜ್ಞೆಗಳು ಓದಿಗೆ ಬಂದವು. ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಎಲ್ಲ ಕಡೆಯೂ ಬರೆಸಿದವನು ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು ಕರೆದುಕೊಂಡಿದ್ದಾನೆ. ಅವು ಬಿರುದುಗಳೇ ಹೊರತು ಹೆಸರಲ್ಲ. ದೇವಾನಾಂಪ್ರಿಯ ಎಂಬುದನ್ನು ಸಿಂಹಳದ ಅರಸನೊಬ್ಬನೂ ಧರಿಸಿದ್ದ. ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಈತ ಮೌರ್ಯ ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರು. ಒಳ್ಳೆಯ ಊಹೆ, ಆದರೆ ಎಷ್ಟು ಒಳ್ಳೆಯದಾದರೂ ಊಹೆ ಊಹೆಯೇ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಮಗ್ಗುಲಲ್ಲೇ ಅಶೋಕ ಎಂಬ ಹೆಸರು ಇತ್ತು. ಒಂದು ಕಲ್ಲಿನ ಒಂದು ಹೆಸರಿನಿಂದ, ದೇಶದುದ್ದಕ್ಕೂ ಚದುರಿ ನಿಂತಿದ್ದ ಅಷ್ಟೂ ಶಾಸನಗಳಿಗೆ ಒಡೆಯನು ಗೊತ್ತಾದ. ಮುಂದೆ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಂ ಶಾಸನಗಳಲ್ಲಿಯೂ ಆ ಹೆಸರು ಸಿಕ್ಕು ಸಾಕ್ಷಿ ಗಟ್ಟಿಯಾಯಿತು.

ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಂಗಳನ ಕಥೆ ಇದೇ ಗಂಟಿನ ಬಳಿ ಬಂದು ನಿಂತಿದೆ.

ಶಾಸನ ಕೆತ್ತಿ 2,200 ವರ್ಷಕ್ಕೂ ಹೆಚ್ಚಾಯಿತು. ಕೆತ್ತಿಸಿಕೊಂಡ ಕಲ್ಲಿಗೆ ಎಷ್ಟು ವಯಸ್ಸು? ಇದನ್ನು ಕೇಳುವುದಕ್ಕೆ ಲಿಂಗಸುಗೂರಿನ ಕಡೆಗೆ ಹೋಗಬೇಕು. ಅಲ್ಲಿ ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯಂತೆ ಬಾಗಿರುವ ಒಂದು ಹಸುರುಗಪ್ಪು ಶಿಲೆಯ ಪಟ್ಟಿ ಉಂಟು. ಭಾರತೀಯ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣದಲ್ಲೆಲ್ಲ ಓಡಾಡಿ ಇಂಥ ಪಟ್ಟಿಗಳನ್ನು ಗುರುತಿಸಿ, 1880ರ ದಶಕದಲ್ಲಿ ಅವುಗಳಿಗೆ ಒಟ್ಟಾಗಿ ಧಾರವಾಡದ ಹೆಸರಿಟ್ಟರು. ಹಳೆಯ ಕಲ್ಲಿನ ಕೊಡಲಿ ಕಂಡರೂ ಬಿಡದೆ, ಚಿನ್ನದ ಗೆರೆ ಕಂಡರೂ ಬಿಡದೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಮನುಷ್ಯ ಅವರು, ಮಸ್ಕಿಗೂ ಬಂದಿದ್ದರು. ಅವರಿಗಿಂತ ಬಹಳ ಮೊದಲೇ ಹಟ್ಟಿಯ ಜನ ಈ ಕಲ್ಲನ್ನು ಓದಿಕೊಂಡಿದ್ದರೆನ್ನಿ. ಬೆಣಚುಕಲ್ಲಿನ ಗೆರೆಯನ್ನು ಹಿಡಿದು, ಬೆಂಕಿ ಹಾಕಿ ಕಲ್ಲನ್ನು ಕಾಯಿಸಿ ಸೀಳುತ್ತ, ಸುಮಾರು 640 ಅಡಿಯ ಆಳದವರೆಗೂ ಇಳಿದಿದ್ದರು. ಆ ಹಳೆಯ ಗಣಿಯಲ್ಲಿ ಸಿಕ್ಕ ಮರದ ತುಂಡಿನ ಇಂಗಾಲವನ್ನು ಪರೀಕ್ಷಿಸಿದಾಗ ಅದು ಹತ್ತಿರಹತ್ತಿರ 2,000 ವರ್ಷದ್ದೆಂದು ತಿಳಿಯಿತು. ಅಶೋಕನ ಅಧಿಕಾರಿಗಳು ಮಸ್ಕಿಯಲ್ಲಿ ಏಕೆ ಶಾಸನ ಹಾಕಿಸಿದರು ಎಂಬ ಪ್ರಶ್ನೆಗೆ ಚಿನ್ನವೇ ಉತ್ತರವೆಂದು ಹೇಳುವವರಿದ್ದಾರೆ. ನನಗೂ ಹಾಗೆಯೇ ತೋರುತ್ತದೆ.

ಭೂವಿಜ್ಞಾನಿ ಈ ಪಟ್ಟಿಯನ್ನು ಓದುವ ಕ್ರಮ ಬಹಳ ಸರಳ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಂದು ಕಲ್ಲನ್ನು ಇನ್ನೊಂದು ಸೀಳಿಕೊಂಡು ಹೋಗಿದ್ದರೆ ಸೀಳಿದ್ದು ಹೊಸದು, ಸೀಳಿಸಿಕೊಂಡದ್ದು ಹಳೆಯದು. ಹಟ್ಟಿಯ ಹಸುರುಗಪ್ಪು ಶಿಲೆ ಒಂದು ಕಾಲಕ್ಕೆ ನೀರಿನ ತಳದಲ್ಲಿ ಉಕ್ಕಿದ ಲಾವಾರಸ. ನೀರು ತಗಲಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ರಸ ಉಬ್ಬಿ, ದಿಂಬು ಪೇರಿಸಿದ ಹಾಗೆ ಹೆಪ್ಪುಗಟ್ಟುತ್ತದೆ. ಇಂಥ ದಿಂಬುಗಳನ್ನು ಚೆನ್ನಾಗಿ ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಉಳಿದುಕೊಂಡಿದೆ. ನಮ್ಮ ಕಡೆಯ ಕಲ್ಲಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಶಾಸನದ ಬಂಡೆಗೆ ಕಾವಲುಂಟು. ಅಕ್ಷರವಿಲ್ಲದ ಬಂಡೆ ಜಲ್ಲಿಯಾದರೆ ಕೇಳುವವರಿಲ್ಲ. ಅಕ್ಷರವಿಲ್ಲ ಎಂದು ಹೇಳುವವರು ನಾವು!

ಈ ಲಾವಾಪಟ್ಟಿಯ ಸುತ್ತ ಕುದಿಕುದಿಯಾಗಿ ಕೆಳಗಿನಿಂದ ನುಗ್ಗಿ ತಣಿದದ್ದು ಗ್ರಾನೈಟು. ಇದಿಷ್ಟು ಕಣ್ಣಿನಿಂದ ತಿಳಿಯುವ ಅನುಕ್ರಮ. ಯಾವುದು ಅಣ್ಣ, ಯಾವುದು ತಮ್ಮ ಎಂದು ಗೊತ್ತಾಯಿತೇ ಹೊರತು ಯಾರ ಜಾತಕವೂ ಸಿಗಲಿಲ್ಲ. ಜಾತಕ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಲ್ಲಿನ ಕಣಗಳೊಳಗೆ ಸೇರಿರುವ ಯುರೇನಿಯಂ ನಿಶ್ಚಿತವಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಲ್ಲು ಹುಟ್ಟಿದ ಕಾಲ ಹೊರಬೀಳುತ್ತದೆ. ಹಾಗೆ ಅಳೆದಾಗ ಹಟ್ಟಿ–ಮಸ್ಕಿ ಸೀಮೆಯ ಲಾವಾಶಿಲೆಗಳಿಗೂ ಗ್ರಾನೈಟಿಗೂ 250ರಿಂದ 260 ಕೋಟಿ ವರ್ಷಗಳ ಆಸುಪಾಸು ಬಂದಿತು. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆ ಇನ್ನೂ ಹಿರಿದು. ಸುಮಾರು 330 ಕೋಟಿ ವರ್ಷ. ಅದಕ್ಕಿಂತ ಹಿಂದಿನ ಪುಟಗಳು ಭೂಮಿಯಲ್ಲಿ ಬಹಳ ವಿರಳ. ಮಳೆ, ನದಿ, ಗಾಳಿ, ಭೂಖಂಡಗಳ ತಿಕ್ಕಾಟ ಎಲ್ಲವೂ ಸೇರಿ ಅಳಿಸಿಹಾಕಿವೆ. ಆ ಹಳೆಯ ಪುಟಗಳು ಬೇಕಾದವರು ಮೇಲಕ್ಕೆ ನೋಡಬೇಕಾಯಿತು.

ಮೊದಲು ಚಂದ್ರ. 1960ರ ಸುಮಾರಿಗೆ ಅಮೆರಿಕದ ಯೂಜೀನ್ ಶೂಮೇಕರ್ ಎಂಬ ಭೂವಿಜ್ಞಾನಿ, ಫೂಟ್ ಅವರು ನಮ್ಮ ಗುಡ್ಡಗಳಲ್ಲಿ ನಡೆಸಿದ ಲೆಕ್ಕಾಚಾರವನ್ನೇ ದೂರದರ್ಶಕದ ಚಿತ್ರಗಳ ಮೇಲೆ ನಡೆಸಿದರು. ಕೋಪರ್ನಿಕಸ್ ಎಂಬ ಕುಳಿಯಿಂದ ಸಿಡಿದ ಬಿಳಿಯ ಕಿರಣಗಳು ಉಳಿದೆಲ್ಲದರ ಮೇಲೆ ಹಾದಿವೆ; ಆದುದರಿಂದ ಕೋಪರ್ನಿಕಸ್ ಕಿರಿಯವನು. ಕಪ್ಪು ಬಯಲು ಅದರ ಕೆಳಗಿದೆ, ಅದು ಹಿರಿದು. ಹೀಗೆ ಚಂದ್ರನ ಮೇಲೆ ಯಾರೂ ಕಾಲಿಡುವ ಮೊದಲೇ ಅಲ್ಲಿಯ ಅಣ್ಣತಮ್ಮಂದಿರ ಪಟ್ಟಿ ಸಿದ್ಧವಾಯಿತು.

ಇದರ ಜೊತೆಗೆ ಇನ್ನೊಂದು ಉಪಾಯವೂ ಇತ್ತು. ಸಾರಿಸಿದ ಅಂಗಳದ ಮೇಲೆ ಹನಿಮಳೆ ಶುರುವಾದರೆ, ಹನಿಯ ಗುರುತುಗಳನ್ನು ಎಣಿಸಿ ಸಾರಿಸಿ ಎಷ್ಟು ಹೊತ್ತಾಯಿತೆಂದು ಹೇಳಬಹುದಷ್ಟೆ. ಗಾಳಿಯಿಲ್ಲದ ಲೋಕದ ಮೇಲೆ ಆಕಾಶದಿಂದ ಕಲ್ಲುಗಳು ಬಿದ್ದು ಕುಳಿ ಮಾಡುತ್ತಲೇ ಇರುತ್ತವೆ. ಹೆಚ್ಚು ಕುಳಿಗಳಿದ್ದ ನೆಲ ಹಳೆಯದು, ಕಡಿಮೆ ಇದ್ದದ್ದು ಹೊಸದು. ಆದರೆ ನಿಮಿಷಕ್ಕೆ ಎಷ್ಟು ಹನಿ ಬೀಳುತ್ತವೆ ಎಂಬುದು ಗೊತ್ತಿಲ್ಲದೆ ಗಂಟೆ ಹೇಳುವುದು ಹೇಗೆ? ಅದಕ್ಕೆ ಒಂದಾದರೂ ಅಂಗಳವನ್ನು ಸಾರಿಸಿದ ಸಮಯ ಬೇರೆ ಸಾಕ್ಷಿಯಿಂದ ತಿಳಿದಿರಬೇಕು. ಬಿರುದು ಇದ್ದರೆ ಸಾಲದು, ಹೆಸರು ಬೇಕು. 1969ರಿಂದ 1972ರವರೆಗೆ ಆರು ಅಪೊಲೊ ಯಾತ್ರೆಗಳು ತಂದ 382 ಕಿಲೊಗ್ರಾಂ ಕಲ್ಲುಮಣ್ಣು ಆ ಹೆಸರನ್ನು ಒದಗಿಸಿತು. ಯಾವ ಬಯಲಿನಿಂದ ಆಯ್ದದ್ದು ಎಂದು ಗೊತ್ತು, ಪ್ರಯೋಗಶಾಲೆಯಲ್ಲಿ ಅಳೆದ ವಯಸ್ಸು ಗೊತ್ತು, ಆ ಬಯಲಿನ ಕುಳಿಗಳ ಎಣಿಕೆ ಗೊತ್ತು. ಅಂದಿನಿಂದ ಚಂದ್ರನ ಮಿಕ್ಕ ನೆಲಗಳಿಗೂ ತಾರೀಖು ಹಾಕುವುದು ಸಾಧ್ಯವಾಯಿತು. 2020ರಲ್ಲಿ ಚೀನಾದ ನೌಕೆ ತಂದ ಕಲ್ಲು ಸುಮಾರು 200 ಕೋಟಿ ವರ್ಷದ್ದಾಗಿ, ನಡುವಿನ ಕಾಲದ ಸಾಕ್ಷಿಯನ್ನೂ ತುಂಬಿತು. ಚಂದ್ರನಿಗೆ ಅದು ನಿಟ್ಟೂರಿನ ಶಾಸನವಿದ್ದಂತೆ.

ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. ಚಂದ್ರನ ಬೆಟ್ಟಸೀಮೆಯ ಬಿಳಿಯ ಕಲ್ಲಿಗೆ ಅನಾರ್ಥೊಸೈಟ್ ಎಂದು ಹೆಸರು. ಚಂದ್ರನು ಎಳೆಯವನಾಗಿದ್ದಾಗ ಕರಗಿದ ಶಿಲೆಯ ಕಡಲಾಗಿದ್ದ, ಅದರ ಮೇಲೆ ತೇಲಿ ಬಂದ ಕೆನೆಯೇ ಈ ಕಲ್ಲು ಎಂದು ಅಪೊಲೊ ಕಲ್ಲುಗಳಿಂದ ತರ್ಕಿಸಿದ್ದರು. ಬೆಂಗಳೂರಿನಲ್ಲಿ ಸಿದ್ಧವಾದ ಚಂದ್ರಯಾನ–3 ನೌಕೆ 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಇಳಿದು, ಪ್ರಜ್ಞಾನ್ ಎಂಬ ಪುಟ್ಟ ಗಾಡಿ ನೂರು ಮೀಟರಿನಷ್ಟು ಉರುಳಿ 23 ಕಡೆ ಮಣ್ಣನ್ನು ಪರೀಕ್ಷಿಸಿದಾಗ, ಅಲ್ಲಿಯೂ ಅದೇ ಕೆನೆಯ ಗುರುತು ಸಿಕ್ಕಿತು. ಇಳಿಯುವ ಅಭ್ಯಾಸಕ್ಕೆಂದು ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿದ್ದರು. ಚಂದ್ರನ ಮಣ್ಣಿನ ಬದಲಿಗೆ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟನ್ನು ಪುಡಿ ಮಾಡಿ ತಂದು ಬೆಂಗಳೂರಿನಲ್ಲಿ ಹರಡಿದ್ದರು. ಆಕಾಶಕ್ಕೆ ಹೋಗುವವನು ಮೊದಲು ನೆಲದ ಕಲ್ಲನ್ನೇ ಆಯಬೇಕಾಯಿತು.

ಇನ್ನು ಮಂಗಳ. ಇವನ ಕಥೆ ಶುರುವಾದದ್ದು ಒಂದು ಭಾಷಾಂತರದ ತಪ್ಪಿನಿಂದ. ಆದುದರಿಂದ ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

1877ರಲ್ಲಿ ಇಟಲಿಯ ಖಗೋಳಜ್ಞ ಸ್ಕ್ಯಾಪರೆಲ್ಲಿ ಮಂಗಳನ ಮೇಲೆ ಸಣ್ಣ ಗೆರೆಗಳನ್ನು ಕಂಡು ತನ್ನ ಭಾಷೆಯಲ್ಲಿ ‘ಕನಾಲಿ’ ಎಂದು ಬರೆದ. ಇಟಾಲಿಯನ್ನಿನಲ್ಲಿ ಆ ಮಾತು ತಾನಾಗಿ ಹರಿದ ಹಳ್ಳಕ್ಕೂ ಸಲ್ಲುತ್ತದೆ, ಅಗೆದ ಕಾಲುವೆಗೂ ಸಲ್ಲುತ್ತದೆ. ಇಂಗ್ಲಿಷಿಗೆ ತಂದವರು ಕಾಲುವೆ ಎಂದೇ ಮಾಡಿಬಿಟ್ಟರು. ಹಳ್ಳಕ್ಕೂ ಕಾಲುವೆಗೂ ಇರುವ ಅಂತರವನ್ನು ಸಿಂಧನೂರಿನವರಿಗೆ ಹೇಳಬೇಕಾದುದಿಲ್ಲ. ಹಳ್ಳ ದೇವರು ಮಾಡಿದ್ದು, ಕಾಲುವೆಗೆ ಎಂಜಿನಿಯರು ಬೇಕು. ಮಂಗಳನಲ್ಲಿ ಕಾಲುವೆ ಇದೆಯೆಂದರೆ ಅಗೆದವರೂ ಇರಲೇಬೇಕಲ್ಲ! ಪರ್ಸಿವಲ್ ಲೊವೆಲ್ ಎಂಬ ಅಮೆರಿಕದ ಶ್ರೀಮಂತ 1894ರಲ್ಲಿ ಅರಿಜೋನಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ನೂರಾರು ಗೆರೆಗಳ ನಕಾಶೆ ಬರೆದು, ಒಣಗುತ್ತಿರುವ ಲೋಕದ ಜನ ಧ್ರುವದ ಹಿಮವನ್ನು ಕರಗಿಸಿ ನೀರಾವರಿ ನಡೆಸಿದ್ದಾರೆಂದು ಪುಸ್ತಕಗಳ ಮೇಲೆ ಪುಸ್ತಕ ಬರೆದ. ಓದುವುದಕ್ಕೆ ಬಹಳ ಸೊಗಸು. ಆದರೆ ಗೆರೆಗಳೇ ಇರಲಿಲ್ಲ.

ಇದನ್ನು ತೋರಿಸಿಕೊಟ್ಟವರಲ್ಲಿ ಶಾಲೆಯ ಹುಡುಗರೂ ಸೇರಿದ್ದಾರೆಂಬುದು ನನ್ನಂಥವನಿಗೆ ಹೆಮ್ಮೆಯ ಸಂಗತಿ. ಲಂಡನ್ನಿನ ಬಳಿ ಗ್ರೀನಿಚ್‌ನಲ್ಲಿ ಮಾಂಡರ್ ಎಂಬ ಖಗೋಳಜ್ಞರು ಅಲ್ಲಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರೊಡನೆ ಸೇರಿ, ಒಂದೂ ಕಾಲುವೆಯಿಲ್ಲದ, ಬರಿಯ ಚುಕ್ಕೆಗಳೂ ಮಾಸಲು ಕಲೆಗಳೂ ಇದ್ದ ಚಿತ್ರವನ್ನು ಮುಂದಿಟ್ಟು ಹುಡುಗರಿಂದ ನಕಲು ಬರೆಸಿದರು. ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ, ನಡುವಣ ಬೆಂಚುಗಳಲ್ಲಿ ಕುಳಿತವರು ಗೆರೆ ಎಳೆದಿದ್ದರು. ಸ್ಪಷ್ಟವಾಗಿ ಕಾಣದ ಚುಕ್ಕೆಗಳನ್ನು ಕಣ್ಣೇ ಜೋಡಿಸಿಕೊಳ್ಳುತ್ತದೆ. ಈ ಪ್ರಯೋಗದ ವರದಿ 1903ರಲ್ಲಿ ಹೊರಬಂದಿತು. ಸವೆದ ಶಾಸನವನ್ನು ಓದುವಾಗ ತನಗೆ ಬೇಕಾದ ಅಕ್ಷರವನ್ನು ಕಾಣುವ ವಿದ್ವಾಂಸರು ನಮ್ಮಲ್ಲೂ ಇದ್ದಾರೆ. ಅವರ ಹೆಸರು ಇಲ್ಲಿ ಬೇಡ.

1965ರ ಜುಲೈಯಲ್ಲಿ ಮ್ಯಾರಿನರ್–4 ಎಂಬ ನೌಕೆ ಮಂಗಳನ ಪಕ್ಕದಲ್ಲಿ ಹಾದು 22 ಚಿತ್ರಗಳನ್ನು ತೆಗೆಯಿತು. ತಮ್ಮ ಮನೆಯ ರೇಡಿಯೊ ಗರಗರ ಎಂದರೆ ಬೇಸರಪಡುವವರು ಇದನ್ನು ಕೇಳಬೇಕು: ಆ ನೌಕೆಯ ಪ್ರೇಷಕದ ಶಕ್ತಿ ಕೇವಲ 10 ವಾಟ್, ಒಂದೊಂದು ಚಿತ್ರವೂ ಅಂಕೆಗಳ ರೂಪದಲ್ಲಿ ಭೂಮಿಗೆ ಬಂದು ಮುಟ್ಟಲು ಎಂಟು ತಾಸಿಗೂ ಹೆಚ್ಚು ಹಿಡಿಯಿತು. ಕಾದು ಸಾಕಾದ ಎಂಜಿನಿಯರರು ಅಂಕೆಗಳ ಪಟ್ಟಿಗಳನ್ನು ಗೋಡೆಗೆ ಅಂಟಿಸಿ ಬಣ್ಣದ ಸೀಮೆಸುಣ್ಣದಿಂದ ತಾವೇ ಚಿತ್ರ ತುಂಬಿದರು. ಕಾಲುವೆಯೂ ಇಲ್ಲ, ಊರೂ ಇಲ್ಲ, ಚಂದ್ರನಲ್ಲಿದ್ದಂತೆ ಕುಳಿಗಳು. ಜನಕ್ಕೆ ನಿರಾಶೆ. ಆದರೆ ಕಥೆ ಇನ್ನೊಮ್ಮೆ ಮಗ್ಗುಲು ಬದಲಿಸಿತು. 1971ರಲ್ಲಿ ಮ್ಯಾರಿನರ್–9 ಮಂಗಳನ ಕಕ್ಷೆ ಸೇರಿ, ಅಲ್ಲಿಯ ಧೂಳಿನ ಬಿರುಗಾಳಿ ಅಡಗಿದ ಮೇಲೆ, ಹಿಮಾಲಯವನ್ನು ಕುಬ್ಜ ಮಾಡುವ ಜ್ವಾಲಾಮುಖಿಗಳನ್ನೂ ಒಣಗಿದ ನದಿಯ ಪಾತ್ರಗಳನ್ನೂ ತೋರಿಸಿತು. ಒಂದು ಪಾತ್ರದ ಸಮೂಹಕ್ಕೆ ಸಂಸ್ಕೃತದ ಮಂಗಳ ಶಬ್ದವನ್ನೇ ಇಟ್ಟರು. ಹಾಗಾದರೆ ಹಳ್ಳಗಳಿದ್ದವು, ಕಾಲುವೆಗಳಿರಲಿಲ್ಲ. ಸ್ಕ್ಯಾಪರೆಲ್ಲಿ ಕಂಡ ಗೆರೆಗಳು ಅವಲ್ಲ, ನಿಜ. ಆದರೂ ಅವನ ಶಬ್ದವನ್ನು ಹಳ್ಳ ಎಂದೇ ಅನುವಾದಿಸಿದ್ದರೆ ಒಂದು ತಲೆಮಾರಿನ ಗದ್ದಲವಾದರೂ ತಪ್ಪುತ್ತಿತ್ತು.

ಈಗ ಸಿಂಧನೂರಿನ ಎರೆಹೊಲಕ್ಕೆ ಹಿಂದಿರುಗೋಣ. ಮಳೆ ಬಿದ್ದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುವ ಈ ಮಣ್ಣಿನ ಗುಣಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ. ಕಪ್ಪು ಲಾವಾಶಿಲೆಯಂಥ ಕಲ್ಲು ನೀರಿನ ಸಹವಾಸದಲ್ಲಿ ಬಹುಕಾಲ ಕೊಳೆತರೆ ಹುಟ್ಟುವ ಜೇಡಿ ಅದು. 2012ರ ಆಗಸ್ಟಿನಲ್ಲಿ ಮಂಗಳನ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಎಂಬ ಗಾಡಿ, ಮರುವರ್ಷ ಅಲ್ಲಿಯ ಕೆಸರುಗಲ್ಲನ್ನು ಕೊರೆದು ಪರೀಕ್ಷಿಸಿದಾಗ ಸಿಕ್ಕಿದ್ದು ಇದೇ ಸ್ಮೆಕ್ಟೈಟ್. ಐದರಲ್ಲಿ ಒಂದು ಪಾಲು. ಇಳಿದ ಹೊಸತರಲ್ಲೇ ಅದು ಇನ್ನೊಂದನ್ನು ಕಂಡಿತ್ತು: ನುಣುಪಾದ ಗುಂಡುಗಲ್ಲುಗಳು ಬೆಸೆದುಕೊಂಡ ಬಂಡೆ. ಗಾಳಿಗೆ ಆ ಗಾತ್ರದ ಕಲ್ಲನ್ನು ಉರುಳಿಸಿ ಉಜ್ಜುವ ಬಲವಿಲ್ಲ. ಪಾದ ಮುಳುಗುವಷ್ಟರಿಂದ ಸೊಂಟದವರೆಗೆ ಆಳವಿದ್ದ ಹರಿಯುವ ನೀರು ಬೇಕು ಎಂದು ಲೆಕ್ಕ ಹಾಕಿದರು. ಗುಂಡುಗಲ್ಲು ಬೆಸೆದ ಇಂಥ ಶಿಲೆ ನಮ್ಮ ಹಟ್ಟಿ–ಮಸ್ಕಿ ಪಟ್ಟಿಯಲ್ಲೂ ಉಂಟು. ತುಂಗಭದ್ರೆಯ ದಂಡೆಯಲ್ಲಿ ಅದರ ಕಚ್ಚಾ ಸಾಮಗ್ರಿ ಇಂದಿಗೂ ಬಿದ್ದಿದೆ.

ಬಿರುಕುಗಳ ವಿಚಾರ ಇನ್ನೂ ಸ್ವಾರಸ್ಯ. ಕೆಸರು ಮೊದಲ ಸಲ ಒಣಗಿದಾಗ ಒಂದು ಬಿರುಕು ಇನ್ನೊಂದಕ್ಕೆ ನೆಟ್ಟಗೆ ಹೋಗಿ ಮುಟ್ಟುತ್ತದೆ. ಇಂಗ್ಲಿಷಿನ ಟೀ ಅಕ್ಷರದಂತೆ. ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಹಲವು ಸಲ ಆದ ಮೇಲೆ ಮೂರು ಬಿರುಕುಗಳು ಸಮವಾಗಿ ಕೂಡುತ್ತವೆ, ವೈ ಅಕ್ಷರದಂತೆ. ಆಗ ನೆಲವು ಆರು ಮೂಲೆಯ ಬಿಲ್ಲೆಗಳನ್ನು ಹಾಸಿದಂತೆ ಕಾಣುತ್ತದೆ. ಗೇಲ್ ಕುಳಿಯಲ್ಲಿ 2021ರಲ್ಲಿ ಕಂಡ ಕೆಲವೇ ಸೆಂಟಿಮೀಟರ್ ಅಗಲದ ಬಿಲ್ಲೆಗಳು ಈ ಎರಡನೆಯ ಬಗೆಯವೆಂದು 2023ರಲ್ಲಿ ಪ್ರಕಟವಾಯಿತು. ಎಂದರೆ ಅಲ್ಲಿ ಒಮ್ಮೆ ನೀರು ಬಂದು ಹೋದದ್ದಲ್ಲ. ಮಳೆಗಾಲ, ಬೇಸಿಗೆ ಎನ್ನುವಂಥ ಸರದಿಯೇ ನಡೆದಿರಬೇಕು. ಕಾಲುವೆಯ ನೀರು ಮುಟ್ಟದ ಯಾವುದಾದರೂ ಎರೆಹೊಲಕ್ಕೆ ಏಪ್ರಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಟೀ ಎಷ್ಟು, ವೈ ಎಷ್ಟು ಎಂದು ಎಣಿಸಲು ಹಚ್ಚಿರಿ. ಖರ್ಚಿಲ್ಲದ ಪಾಠ.

ಬುಧ, ಶುಕ್ರರ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ. ಶುಕ್ರನಲ್ಲಿ ದಟ್ಟ ಮೋಡ. ರಾಡಾರಿನಿಂದ ನೋಡಿದಾಗ ಕುಳಿಗಳು ಬಹಳ ಕಡಿಮೆ, ಆದುದರಿಂದ ನೆಲ ಹೊಸದು ಎಂದಷ್ಟೇ ಹೇಳಬಹುದು. ಉಲ್ಕೆ ಬಿದ್ದು ಲಾವಾಶಿಲೆಯಲ್ಲಿ ಆದ ಕುಳಿಯನ್ನು ನೋಡಬೇಕೆನ್ನುವವರಿಗೆ ಮಹಾರಾಷ್ಟ್ರದ ಲೋಣಾರ ಹತ್ತಿರವೇ ಇದೆ, 1.8 ಕಿಲೊಮೀಟರ್ ಅಗಲ. ಲೋಣಾರದ ಹೆಸರಿನ ಕುಳಿ ಮಂಗಳನ ಮೇಲೂ ಒಂದುಂಟು. ಅಲ್ಲಿಯ ಸಣ್ಣ ಕುಳಿಗಳಿಗೆ ಭೂಮಿಯ ಒಂದು ಲಕ್ಷದೊಳಗಿನ ಜನಸಂಖ್ಯೆಯ ಊರುಗಳ ಹೆಸರಿಡುವುದು ಪದ್ಧತಿ. ಮಸ್ಕಿ ಇನ್ನೂ ಆ ಮಿತಿಯೊಳಗೇ ಇದೆ ಎಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರುತ್ತೇನೆ.

ಇಷ್ಟೆಲ್ಲ ತಿಳಿದರೂ ಮಂಗಳನ ಚರಿತ್ರೆಯಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಅವನ ಕಾಲವನ್ನು ಮೂರು ಯುಗಗಳಾಗಿ ವಿಂಗಡಿಸಿದ್ದಾರೆ. ನದಿಗಳು ಹರಿದ ಮೊದಲ ಯುಗ ಸುಮಾರು 370 ಕೋಟಿ ವರ್ಷಗಳ ಹಿಂದೆ ಮುಗಿಯಿತೆನ್ನುತ್ತಾರೆ. ಈ ಸಂಖ್ಯೆ ಬಂದದ್ದು ಹೇಗೆ? ಕುಳಿಗಳನ್ನು ಎಣಿಸಿ, ಚಂದ್ರನಿಗೆ ಹೊಂದಿದ ಲೆಕ್ಕವನ್ನು ಮಂಗಳನಿಗೆ ತಿದ್ದಿ ಅನ್ವಯಿಸಿ. ಚಂದ್ರನ ಅಂಗಳದಲ್ಲಿ ಬೀಳುವ ಮಳೆಯೂ ಮಂಗಳನ ಅಂಗಳದಲ್ಲಿ ಬೀಳುವ ಮಳೆಯೂ ಒಂದೇ ಸಮವಲ್ಲ. ನಡುವಣ ಕಾಲದ ನೆಲಗಳಲ್ಲಿ ಈ ಲೆಕ್ಕ ಒಂದಕ್ಕೆ ಎರಡರಷ್ಟು ಹೆಚ್ಚುಕಡಿಮೆಯಾಗುವ ಸಂಭವ ಉಂಟು. ಮಸ್ಕಿ ಸಿಗುವ ಮೊದಲು ಅಶೋಕನ ಬಗ್ಗೆ ಇದ್ದಂಥ ಸ್ಥಿತಿ, ಒಳ್ಳೆಯ ಊಹೆ.

ಮಂಗಳನ ಕಲ್ಲೇ ನಮ್ಮಲ್ಲಿಲ್ಲವೆ? ಇದೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಆಕಾಶದಿಂದ ಸುಮಾರು ಐದು ಕಿಲೊಗ್ರಾಂ ತೂಕದ ಕಲ್ಲು ಬಿದ್ದಿತು. ಅದು ಮಂಗಳನಿಂದ ಸಿಡಿದು ಬಂದದ್ದೆಂದು ನೂರು ವರ್ಷಕ್ಕೂ ಮೇಲೆ ತಿಳಿಯಿತು. ಅಂಟಾರ್ಕ್ಟಿಕದಲ್ಲಿ ಸಿಕ್ಕ ಅದೇ ಬಗೆಯ ಕಲ್ಲಿನೊಳಗೆ ಸಿಕ್ಕಿಬಿದ್ದಿದ್ದ ಗಾಳಿ, 1976ರಲ್ಲಿ ವೈಕಿಂಗ್ ನೌಕೆಗಳು ಅಳೆದ ಮಂಗಳನ ಗಾಳಿಗೆ ಸರಿಹೊಂದಿದೆಯೆಂದು 1983ರಲ್ಲಿ ತೋರಿಸಿದರು. ಇಂದಿಗೂ ಈ ಜಾತಿಯ ಉಲ್ಕಾಶಿಲೆಗಳನ್ನೆಲ್ಲ ಶೇರ್‌ಘಾಟಿಯ ಹೆಸರಿನಿಂದಲೇ ಕರೆಯುತ್ತಾರೆ. ಇವುಗಳ ವಯಸ್ಸನ್ನು ಅಳೆಯಬಹುದು. ಮಂಗಳನ ಯಾವ ಬಯಲಿನಿಂದ ಹೊರಟವು ಎಂದು ಖಚಿತವಾಗಿ ಹೇಳಲಾಗದು. ಊರು ತಿಳಿಯದ ತಾಮ್ರಶಾಸನ ಅಂಗಡಿಯಲ್ಲಿ ಸಿಕ್ಕ ಹಾಗೆ.

ಕ್ಯೂರಿಯಾಸಿಟಿ ಗಾಡಿ ಸ್ಥಳದಲ್ಲೇ ಅಳೆಯುವ ಸಾಹಸವನ್ನೂ ಮಾಡಿತು. 2013ರಲ್ಲಿ ಪ್ರಕಟವಾದಂತೆ ಆ ಕೆಸರುಗಲ್ಲಿನ ವಯಸ್ಸು ಸುಮಾರು 421 ಕೋಟಿ ವರ್ಷ. ಹೆಚ್ಚುಕಡಿಮೆ 35 ಕೋಟಿ. ಇನ್ನೊಂದು ಗ್ರಹದ ನೆಲದಲ್ಲೇ ಕಲ್ಲಿನ ವಯಸ್ಸನ್ನು ಅಳೆದದ್ದು ಅದೇ ಮೊದಲು. ಆದರೆ ಅದು ಕುಳಿಯ ಅಂಚಿನ ಬೆಟ್ಟಗಳಿಂದ ತೊಳೆದು ಬಂದ ಕಣಗಳ ವಯಸ್ಸು, ಕೆಸರು ಕೂತ ಕಾಲವಲ್ಲ. ಹಳೆಯ ಶಾಸನದ ಕಲ್ಲನ್ನು ಹೊಸ ಗುಡಿಯ ಗೋಡೆಗೆ ಸೇರಿಸಿರುತ್ತಾರೆ. ಶಾಸನದ ತೇದಿಯನ್ನು ಗುಡಿಗೆ ಹಚ್ಚಿದರೆ ಆಗುತ್ತದೆಯೆ?

ನಮ್ಮ ಮಂಗಳಯಾನವೂ 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. 2022ರ ಏಪ್ರಿಲಿನಲ್ಲಿ ಸಂಪರ್ಕ ಕಡಿಯುವವರೆಗೆ ಅದರ ದನಿ ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ದೊಡ್ಡ ಆಂಟೆನಾಕ್ಕೆ ಕೇಳಿಸುತ್ತಿತ್ತು. ಗ್ರಹದ ಪೂರ್ಣಬಿಂಬವನ್ನು ಒಂದೇ ಚಿತ್ರದಲ್ಲಿ ಹಿಡಿದು ಕಳಿಸಿದ್ದು ಅದರ ಸೊಗಸಾದ ಕೆಲಸ. ಅದು ಸುತ್ತುವ ನೌಕೆ. ಕಲ್ಲು ಮುಟ್ಟುವುದು ಅದರ ಕೆಲಸವಾಗಿರಲಿಲ್ಲ.

ಮುಟ್ಟಿದ್ದು 2021ರ ಫೆಬ್ರವರಿ 18ರಂದು ಜೆಜೆರೊ ಎಂಬ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ಗಾಡಿ. ಜೆಜೆರೊ ಎಂದರೆ ಸ್ಲಾವ್ ಭಾಷೆಗಳಲ್ಲಿ ಕೆರೆ. ನಿಜಕ್ಕೂ ಅದು ಕೆರೆಯೇ ಆಗಿತ್ತು. ನದಿ ಬಂದು ಸೇರಿದ ಕಡೆ ಹೂಳಿನ ಬೀಸಣಿಗೆ ಇಂದಿಗೂ ಕಾಣುತ್ತದೆ. ಕೆರೆಯ ತಳದ ಲಾವಾಶಿಲೆ, ಅದರ ಮೇಲಿನ ಹೂಳು, ಹೀಗೆ ಕ್ರಮ ತಪ್ಪದೆ, ಯಾವ ಕಲ್ಲು ಯಾವ ಜಾಗದ್ದೆಂಬ ದಾಖಲೆಯೊಡನೆ, ಆ ಗಾಡಿ ಬೆರಳು ಗಾತ್ರದ ಕಲ್ಲಿನ ಕಡ್ಡಿಗಳನ್ನು ಕೊರೆದು ಲೋಹದ ಕೊಳವೆಗಳಲ್ಲಿ ಮುಚ್ಚಿಟ್ಟಿದೆ. ಆ ತಳದ ಲಾವಾಶಿಲೆಯ ವಯಸ್ಸನ್ನು ಭೂಮಿಯ ಪ್ರಯೋಗಶಾಲೆಯಲ್ಲಿ ಅಳೆದ ದಿನ, ಅದರ ಮೇಲಿನ ಕುಳಿಗಳ ಎಣಿಕೆಗೆ ತಾರೀಖು ಸಿಗುತ್ತದೆ. ಅದರಿಂದ ಮಂಗಳನ ಮಿಕ್ಕೆಲ್ಲ ಬಯಲುಗಳಿಗೂ ತಾರೀಖು ಸಿಗುತ್ತದೆ. ಅಂದು ಮಂಗಳನಿಗೆ ಮಸ್ಕಿ ಸಿಕ್ಕಂತೆ. ತರುವ ಕೆಲಸ ಮಾತ್ರ ಅಮೆರಿಕದಲ್ಲಿ ವೆಚ್ಚದ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಚೀನಾ ದೇಶವು 2028ರ ಸುಮಾರಿಗೆ ತನ್ನದೇ ನೌಕೆಯನ್ನು ಕಳಿಸಿ ಮಂಗಳನ ಬೇರೊಂದು ಕಡೆಯ ಕಲ್ಲು ತರಿಸುವುದಾಗಿ ಸಾರಿದೆ. ಕೊಳವೆಗಳಲ್ಲಿ ಹತ್ತನ್ನು ಪರ್ಸಿವಿಯರೆನ್ಸ್ ಗಾಡಿ, ತಾನು ಕೆಟ್ಟುಹೋದರೂ ಯಾರಾದರೂ ಬಂದು ಎತ್ತಿಕೊಳ್ಳಲೆಂದು, 2023ರ ಜನವರಿಯ ಹೊತ್ತಿಗೆ ಕೆರೆಯಂಗಳದ ಒಂದು ಸಮತಟ್ಟಾದ ಜಾಗದಲ್ಲಿ ಇಳಿಸಿ ಮುಂದೆ ಹೋಯಿತು. ಒಂದೊಂದರ ನಡುವೆ ಕೆಲವು ಮಾರು ಅಂತರ ಬಿಟ್ಟು, ಎಲ್ಲಿಟ್ಟಿದೆ ಎಂಬ ನಕಾಶೆಯನ್ನೂ ಕಳಿಸಿದೆ.